ಗಡಿಯಾಚೆಯ ವೈದ್ಯರ ಸಲಹೆ: ಕಾನೂನು ಸ್ಪಷ್ಟವಾಗಲಿ

ಬಬಲೇಶ್ವರ ತಾಲ್ಲೂಕಿನ ನಿಡೋಣಿಯಿಂದ ತಿಕೋಟಾವರೆಗಿನ ನಮ್ಮ ಭಾಗಕ್ಕೆ ಮಹಾರಾಷ್ಟ್ರದೊಡನೆ ನಿತ್ಯದ ವ್ಯವಹಾರವಿದೆ. ಇಲ್ಲಿಯ ಒಣದ್ರಾಕ್ಷಿ ತಾಸಗಾಂವ, ಸಾಂಗ್ಲಿಗಳ ಪೇಟೆಗೆ ಹೋಗುತ್ತದೆ. ರೋಗಿಗಳು ಸೊಲ್ಲಾಪುರ, ಮೀರಜಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಹತ್ತು ನಿಮಿಷದ ಸಲಹೆಗಾಗಿಯೂ ಕೂಲಿಕಾರನು ಒಂದು ದಿನದ ದುಡಿಮೆಯನ್ನೂ ಪ್ರಯಾಣವೆಚ್ಚವನ್ನೂ ಕಳೆದುಕೊಳ್ಳುತ್ತಾನೆ. ಟೆಲಿಮೆಡಿಸಿನ್ ಈ ನಷ್ಟವನ್ನು ತಪ್ಪಿಸಬಲ್ಲದು.

ಇದಕ್ಕೆ ಕಾನೂನಿನ ಅಡ್ಡಿ ಇದೆಯೇ? 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ದೇಶದ ಯಾವುದೇ ಭಾಗದ ರೋಗಿಗೆ ಸಲಹೆ ನೀಡಬಹುದು. ವೈದ್ಯಕೀಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ತೆರಿಗೆಯ ತೊಡಕೂ ಇಲ್ಲ. ಆದರೆ ಈ ಹಕ್ಕು ನಿಂತಿರುವುದು 2002ರ ವೃತ್ತಿ ನಡವಳಿಕೆ ನಿಯಮಾವಳಿಯ ಅನುಬಂಧವೊಂದರ ಮೇಲೆ. ಅದರ ಬದಲಿಗೆ 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿಯಲಾಯಿತು. ಇತ್ತ ವೃತ್ತಿ ಪರವಾನಗಿಯನ್ನು ನೀಡುವವು ರಾಜ್ಯ ವೈದ್ಯಕೀಯ ಮಂಡಳಿಗಳೇ. ಹೀಗಿರುವಾಗ ಮೀರಜದ ವೈದ್ಯರು ನಿಡೋಣಿಯ ರೋಗಿಯನ್ನು ವಿಡಿಯೋ ಮೂಲಕ ನೋಡಿದರೆ ವೃತ್ತಿ ನಡೆದದ್ದು ಯಾವ ರಾಜ್ಯದಲ್ಲಿ ಎಂಬ ಸಂಶಯಕ್ಕೆ ಎಡೆಯಾಗುತ್ತದೆ.

ರೋಗಿಯ ಕಡೆಯಿಂದಲೂ ತೊಡಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಪರಿಹಾರಕ್ಕಾಗಿ ಆತನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ವಿಜಯಪುರದಲ್ಲಿಯೇ, ದೂರು ಸಲ್ಲಿಸಬಹುದು. ಆದರೆ ವೈದ್ಯರ ವೃತ್ತಿದೋಷದ ಬಗ್ಗೆ ಶಿಸ್ತುಕ್ರಮ ಬೇಕಿದ್ದರೆ ಮುಂಬಯಿಯ ಮಹಾರಾಷ್ಟ್ರ ವೈದ್ಯಕೀಯ ಮಂಡಳಿಗೆ ಮೊರೆಹೋಗಬೇಕು.

ನಮ್ಮ ವೃತ್ತಿಯ ಉದಾಹರಣೆಯನ್ನು ಇಲ್ಲಿ ಗಮನಿಸಬಹುದು. 1949ರ ಕಾಯ್ದೆಯಂತೆ ಲೆಕ್ಕಪರಿಶೋಧಕರಿಗೆ ಇಡೀ ದೇಶಕ್ಕೆ ಒಂದೇ ಸಂಸ್ಥೆ, ಒಂದೇ ಸದಸ್ಯರ ಪಟ್ಟಿ. ವಿಜಯಪುರದ ಲೆಕ್ಕಪರಿಶೋಧಕರು ಸೊಲ್ಲಾಪುರದ ಕಂಪನಿಯ ಲೆಕ್ಕಪತ್ರಗಳಿಗೆ ಸಹಿ ಹಾಕಲು ಬೇರೆ ಪರವಾನಗಿ ಬೇಕಿಲ್ಲ. ತಪ್ಪಾದರೆ ದೂರು ಎಲ್ಲಿಗೆಂಬುದೂ ಸ್ಪಷ್ಟ. ವೈದ್ಯರಿಗೂ 2024ರ ಆಗಸ್ಟ್ 23ರಂದು ರಾಷ್ಟ್ರೀಯ ವೈದ್ಯಕೀಯ ನೋಂದಣಿಯ ಜಾಲತಾಣ ಆರಂಭವಾಗಿದೆ. ಅದಕ್ಕೆ ಕಾನೂನಿನ ಬಲವನ್ನೂ ಜೋಡಿಸಬೇಕಾಗಿದೆ.

ಆದ್ದರಿಂದ ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಕೇಂದ್ರ ಸರ್ಕಾರಕ್ಕೆ ಎರಡು ಬೇಡಿಕೆಗಳನ್ನು ಸಲ್ಲಿಸಬೇಕೆಂದು ನನ್ನ ಅಭಿಪ್ರಾಯ. ಒಂದು, ದೂರದಿಂದ ಸಲಹೆ ನೀಡಲು ಎರಡನೆಯ ರಾಜ್ಯದ ಪರವಾನಗಿ ಬೇಡವೆಂಬುದನ್ನು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿಯೇ ಸೇರಿಸಲಿ. ಎರಡು, ರೋಗಿಯು ತನ್ನ ರಾಜ್ಯದ ಮಂಡಳಿಗೆ ಕೊಟ್ಟ ದೂರನ್ನು ಆ ಮಂಡಳಿಯೇ ಸಂಬಂಧಪಟ್ಟ ಮಂಡಳಿಗೆ ಕಳುಹಿಸುವಂತಾಗಲಿ. ಕಾರ್ಮಿಕರನ್ನು ಹೊಂದಿರುವ ಸದಸ್ಯ ಬಾಂಧವರು ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.