ಕಾಣಿಸದ ಡ್ರೈವ್
ಹೊರಗಿನಿಂದ ಜೋಡಿಸುವ ಹಾರ್ಡ್ ಡ್ರೈವನ್ನು ಕಂಪ್ಯೂಟರ್ ಗುರುತಿಸದಿದ್ದಾಗ ಡ್ರೈವೇ ಕೆಟ್ಟಿತೆಂದು ತೀರ್ಮಾನಿಸುವುದು ರೂಢಿಯಾದರೂ, ದೋಷವು ಎಷ್ಟೋ ವೇಳೆ ಕೇಬಲ್‌ನಲ್ಲಿ ಇಲ್ಲವೇ ಅದಕ್ಕೆ ದೊರೆಯುವ ವಿದ್ಯುತ್ತಿನಲ್ಲಿ ಇರುತ್ತದೆ. 2.5 ಅಂಗುಲದ ಡ್ರೈವ್‌ಗಳು ತಮ್ಮೊಳಗಿನ ತಟ್ಟೆಗಳನ್ನು ತಿರುಗಿಸುವ ವಿದ್ಯುತ್ತನ್ನು ಯುಎಸ್‌ಬಿ ಪೋರ್ಟ್‌ನಿಂದಲೇ ಪಡೆಯುತ್ತವೆ. ಮಾನದಂಡದ ಪ್ರಕಾರ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್‌ವರೆಗೆ ಒದಗಿಸುತ್ತದೆಯಾದರೂ, ಸ್ವಂತ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ, ಅಂದರೆ ಒಂದೇ ಪೋರ್ಟನ್ನು ಹಲವಾಗಿ ಕವಲೊಡೆಸುವ ಸಾಧನದಲ್ಲಿ, ಅದು ಹಂಚಿಹೋಗಿ ತಟ್ಟೆ ತಿರುಗದೆಯೇ ಉಳಿಯಬಹುದು. ತಿರುಗುತ್ತಿದ್ದೂ ಕಾಣಿಸದ ಡ್ರೈವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹುಡುಕಬೇಕು. ಅಲ್ಲಿ ಗುರುತಿನ ಅಕ್ಷರವೊಂದೇ ಇಲ್ಲವಾಗಿದ್ದರೆ ಅದನ್ನು ಕೊಟ್ಟರೆ ಸಾಕು. ಆದರೆ ಫೈಲ್ ಸಿಸ್ಟಂ, ಎಂದರೆ ಯಾವ ಕಡತ ಎಲ್ಲಿದೆಯೆಂದು ದಾಖಲಿಸುವ ವ್ಯವಸ್ಥೆ, ಕೆಟ್ಟಿದ್ದರೆ ವಿಂಡೋಸ್ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತದೆ. ಕಡತಗಳ ಮೇಲೆ ಆಸೆಯಿರುವವರು ಈ ಸೌಜನ್ಯದ ಪ್ರಶ್ನೆಗೆ ಒಪ್ಪಿಗೆ ಸೂಚಿಸಲೇಬಾರದು, ಏಕೆಂದರೆ ಆ ದಾಖಲೆ ಹಾಳಾದರೂ ಕಡತಗಳು ಬಹುಮಟ್ಟಿಗೆ ತಟ್ಟೆಯ ಮೇಲೆಯೇ ಇದ್ದು, ಮರುಗಳಿಕೆಯ ತಂತ್ರಾಂಶಗಳಿಗೆ ದಕ್ಕುವ ಸಾಧ್ಯತೆ ಇರುತ್ತದೆ. ಒಳಗಿನಿಂದ ಟಕಟಕ ಸದ್ದು ಕೇಳಿಬಂದರೆ ಮಾತ್ರ ಓದುವ ಹೆಡ್ ಹಾನಿಗೊಂಡಿರುವ ಸಂಭವವುಂಟು. ಆಗ ಮತ್ತೆ ಮತ್ತೆ ಜೋಡಿಸಿ ನೋಡಿದರೆ ಅದು ತಟ್ಟೆಯನ್ನೇ ಗೀರಬಹುದಾದ್ದರಿಂದ ಡ್ರೈವನ್ನು ಒಡನೆ ಕಳಚಿ ದತ್ತಾಂಶ ಮರಳಿಸುವ ಪರಿಣತರಿಗೆ ಒಪ್ಪಿಸಬೇಕು.