ಲಿವರ್ ಕೆಟ್ಟರೆ ಕಿಡ್ನಿಗೂ ಕುತ್ತು!

"ನಾನು ಕುಡಿಯೋದೇ ಇಲ್ಲ, ನನಗೆಲ್ಲಿಯ ಲಿವರ್ ತೊಂದರೆ?" ಅಂತ ಎದೆ ತಟ್ಟಬೇಡಿ. ಹೆಂಡ ಮುಟ್ಟದವನ ಲಿವರಿನಲ್ಲೂ ಕೊಬ್ಬು ಕೂರುತ್ತೆ. ಬೊಜ್ಜು, ಸಕ್ಕರೆ ಕಾಯಿಲೆ ಇದ್ದರಂತೂ ಹೆಚ್ಚು. ಹಾಗೆ ಕೊಬ್ಬು ಕೂತವರಿಗೆ ಕಿಡ್ನಿ ಕೆಡುವ ಸಂಭವವೂ ಜಾಸ್ತಿ. ಕಷ್ಟ ಏನಪ್ಪಾ ಅಂದ್ರೆ, ಶುರುವಿನಲ್ಲಿ ಸಾಮಾನ್ಯವಾಗಿ ಎರಡೂ ನೋಯೋದಿಲ್ಲ. ಈ ವಿಲನ್ ಇಂಟರ್‌ವಲ್‌ವರೆಗೆ ಮುಖವನ್ನೇ ತೋರಿಸೋಲ್ಲ!

ಸುಳಿವು ಸಿಗೋದು ಮೂತ್ರದಲ್ಲಿ. ಆಲ್ಬುಮಿನ್-ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಗ್ರಾಮಿಗೆ 30 ಮಿಲಿಗ್ರಾಂ ದಾಟಿದ್ದು 3 ತಿಂಗಳಾದರೂ ಇಳಿಯದಿದ್ದರೆ ಕಿಡ್ನಿಯ ಜರಡಿ ಸೋರುತ್ತಿದೆ ಅಂತ ಅರ್ಥ. ಡಾಕ್ಟರ ಬಳಿ ಓಡಿ. ದಪ್ಪಗಿದ್ದವರು ತೂಕದಲ್ಲಿ ನೂರಕ್ಕೆ 7ರಿಂದ 10 ಪಾಲು ಇಳಿಸಿದರೆ ಲಿವರಿನ ಕೊಬ್ಬು ಕರಗುತ್ತೆ.

ಮೆಚ್ಚಿನ ಹೀರೋ ಚಿತ್ರಕ್ಕೆ ನಸುಕಿನಲ್ಲೇ ಎದ್ದು ಓಡೋ ಕಾಲಿಗೆ, ದಿನಾ ಅರ್ಧ ಗಂಟೆ ನಡೆಯೋದು ಭಾರವೇ?