ಗಾದೆಯೂ ಪ್ರಜಾಪ್ರಭುತ್ವವೂ

ಪರಭಾಷೆಯನ್ನು ಕಲಿಯುವವರು ವ್ಯಾಕರಣದ ಹೊಸಿಲನ್ನು ದಾಟಿದ ಕೂಡಲೇ ಕೈಯಿಕ್ಕುವುದು ಗಾದೆಗಳಿಗೆ. ಇದು ಸಹಜವೂ ಹೌದು, ಉಚಿತವೂ ಹೌದು. ಕೊರಿಯದ ಭಾಷೆಯನ್ನು ಕಲಿಯುವವರು ಇಂದು ಲೋಕದ ನಾನಾ ಕಡೆಗಳಲ್ಲಿದ್ದಾರೆ. ಆ ಭಾಷೆಗೆ ಲಿಪಿಯನ್ನು ಕಲ್ಪಿಸಿಕೊಟ್ಟ ಸೇಜೋಂಗ್ ಅರಸನ ಹೆಸರಿನಲ್ಲಿ 2007ರಿಂದ ಈಚೆಗೆ ಹೊರನಾಡುಗಳಲ್ಲಿ ಪಾಠಶಾಲೆಗಳು ನಡೆಯುತ್ತಿವೆ. ಅಂತಹ ಕಡೆ ಅಮೆರಿಕದವನೂ ಜಪಾನಿನವಳೂ ನಮ್ಮವನೂ ಒಂದೇ ಬೆಂಚಿನ ಮೇಲೆ ಕುಳಿತರೆ, ಮಾತು ಗಾದೆಯಿಂದ ಸಂಸ್ಕೃತಿಗೂ ಸಂಸ್ಕೃತಿಯಿಂದ ರಾಜ್ಯಪದ್ಧತಿಗೂ ಹರಿಯದೆ ಇರದು. ಹರಿಯಲಿ, ಬೇಡವೆನ್ನುವವರು ಯಾರು? ಆದರೆ ಆ ಸಲ್ಲಾಪದ ಕೊನೆಯಲ್ಲಿ ಹೊರಡುವ ತೀರ್ಪೊಂದುಂಟು. ಅದು ಸುಳ್ಳು, ಬರಿಯ ಸುಳ್ಳಾಗಿದ್ದರೆ ಸಹಿಸಿಕೊಳ್ಳಬಹುದಾಗಿತ್ತು, ಅದು ಅಪಾಯಕರವೂ ಆಗಿದೆ.

ಆ ತೀರ್ಪಿನ ಬಗೆಯನ್ನು ವಾಚಕರು ನೋಡಬೇಕು. ಕೊರಿಯದವರು "ಮೂಲೆ ಚಾಚಿದ ಕಲ್ಲಿಗೆ ಉಳಿಯ ಏಟು" ಎನ್ನುವರು. ಜಪಾನಿನವರು "ತಲೆಯೆತ್ತಿದ ಗೂಟಕ್ಕೆ ಪೆಟ್ಟು" ಎನ್ನುವರು. ಅಮೆರಿಕದವರಾದರೋ "ಕಿರುಗುಟ್ಟುವ ಗಾಲಿಗೇ ಎಣ್ಣೆ" ಎನ್ನುವರು. ಈ ಮೂರನ್ನು ಸಾಲಾಗಿಟ್ಟು, ಪೂರ್ವದೇಶದವರು ತಗ್ಗಿ ನಡೆಯುವವರು, ಪಶ್ಚಿಮದವರು ಕೇಳಿ ಪಡೆಯುವವರು. ಆದುದರಿಂದ ಪ್ರಜಾಪ್ರಭುತ್ವವೆಂಬುದು ಅವರಿಗೆ ಮನೆಯ ಒಡವೆ, ಇವರಿಗೆ ಎರವಿನ ಒಡವೆ ಎಂದು ಸಿದ್ಧಾಂತಮಾಡುವರು. ಕೇಳುವವರು ತಲೆದೂಗುವರು. ಮೂರು ಗಾದೆಗಳ ಮೇಲೆ ಮೂರು ಜನಾಂಗಗಳ ಹಣೆಬರಹವನ್ನು ಬರೆದುಬಿಟ್ಟದ್ದಾಯಿತು!

ಕಲಿಯುವವನು ಇನ್ನೂ ನಾಲ್ಕು ಪುಟ ತಿರುವಿಹಾಕಿದ್ದರೆ ಈ ಸಿದ್ಧಾಂತ ಅಲ್ಲಿಯೇ ಮುರಿದುಬೀಳುತ್ತಿತ್ತು. ಅದೇ ಕೊರಿಯದವರು "ಅಳುವ ಕೂಸಿಗೆ ಮೊಲೆಹಾಲು" ಎಂದೂ ಹೇಳುವರು. ಕಿರುಗುಟ್ಟುವ ಗಾಲಿಗೂ ಅಳುವ ಕೂಸಿಗೂ ತಾತ್ಪರ್ಯದಲ್ಲಿ ಏನು ಭೇದ? ನಮ್ಮಲ್ಲಿಯಾದರೂ "ಬಡವಾ, ನೀ ಮಡಗಿದಂತಿರು" ಎಂಬ ಗಾದೆಯಿರುವುದಷ್ಟೆ. "ಬಡವನ ಕೋಪ ದವಡೆಗೆ ಮೂಲ" ಎಂಬುದೂ ಇದೆ. ಆದರೆ ಅತ್ತ ಮಗುವಿಗೇ ಹಾಲು ಎಂಬ ತಿಳಿವಳಿಕೆ ನಮ್ಮ ತಾಯಂದಿರಿಗೂ ಹೊಸದಲ್ಲ. ಪಶ್ಚಿಮದ ಕಡೆಯೂ ನೋಡಿರಿ: ಹಾಲೆಂಡಿನವರು "ಎಲ್ಲರಂತೆ ನಡೆದುಕೋ, ಅದೇ ಬೇಕಾದಷ್ಟು ಹುಚ್ಚಾಯಿತು" ಎಂದು ತಲೆಯೆತ್ತಿದವನನ್ನು ತಗ್ಗಿಸುವರು. ಅದೇ ಹಾಲೆಂಡು 1917ರಲ್ಲಿ ಗಂಡಸರೆಲ್ಲರಿಗೂ 1919ರಲ್ಲಿ ಹೆಂಗಸರಿಗೂ ಮತಾಧಿಕಾರವನ್ನು ಕೊಟ್ಟಿತು. ಪ್ರತಿಯೊಂದು ಜನಾಂಗದ ಗಾದೆಯ ಗಂಟಿನಲ್ಲಿಯೂ ಹೆದರಿಕೆಯ ಮಾತೂ ಉಂಟು, ಎದೆಗಾರಿಕೆಯ ಮಾತೂ ಉಂಟು. ಹೆಕ್ಕುವವನು ತನಗೆ ಬೇಕಾದುದನ್ನು ಹೆಕ್ಕಿ, ಇದೇ ಗಂಟೆಲ್ಲ ಎಂದರೆ ನಂಬುವುದು ಹೇಗೆ?

ಇದಕ್ಕಿಂತಲೂ ಬಲವಾದ ಸಾಕ್ಷ್ಯವನ್ನು ಕೊರಿಯವೇ ಒದಗಿಸಿದೆ. 1945ರಲ್ಲಿ ಆ ನಾಡನ್ನು ಮೂವತ್ತೆಂಟನೆಯ ಅಕ್ಷಾಂಶದ ಗುಂಟ ಎರಡಾಗಿ ಸೀಳಿದರು. 1948ರಲ್ಲಿ ಎರಡು ರಾಜ್ಯಗಳು ಸ್ಥಾಪಿತವಾದವು. ಭಾಷೆ ಒಂದೇ, ಪೂರ್ವಿಕರು ಒಬ್ಬರೇ, ಅಜ್ಜಿಯಂದಿರು ಹೇಳಿಕೊಟ್ಟ ಗಾದೆಗಳೂ ಒಂದೇ. ಉತ್ತರದಲ್ಲಿ ಅಂದಿನಿಂದ ಇಂದಿನವರೆಗೆ ಒಂದೇ ಮನೆತನದ ಮೂರು ತಲೆಮಾರು ಆಳುತ್ತ ಬಂದಿದೆ. ದಕ್ಷಿಣದಲ್ಲಿಯೂ ದಂಡಾಳ್ವಿಕೆಯೇ ಬಹುಕಾಲ ನಡೆಯಿತು. ಆದರೆ 1987ರ ಜೂನ್ ತಿಂಗಳಲ್ಲಿ ಜನರು ಬೀದಿಗಿಳಿದು, ರಾಷ್ಟ್ರಾಧ್ಯಕ್ಷನನ್ನು ತಾವೇ ನೇರವಾಗಿ ಆರಿಸುವ ಹಕ್ಕನ್ನು ಪಡೆದುಕೊಂಡರು. 2024ರ ಡಿಸೆಂಬರ್ 3ರ ರಾತ್ರಿ ಅಲ್ಲಿನ ಅಧ್ಯಕ್ಷನು ಸೈನಿಕ ಶಾಸನವನ್ನು ಸಾರಿದಾಗ, ಬೆಳಗಾಗುವುದರೊಳಗೆ ಶಾಸನಸಭೆಯ ಸದಸ್ಯರು ಸೇರಿ ಅದನ್ನು ತಳ್ಳಿಹಾಕಿದರು; 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯವು ಆತನನ್ನು ಪದಚ್ಯುತಗೊಳಿಸಿತು. ಮೂಲೆ ಚಾಚಿದ ಕಲ್ಲಿನ ಗಾದೆಯನ್ನು ಕೇಳಿ ಬೆಳೆದವರೇ ಈ ಕೆಲಸವನ್ನು ಮಾಡಿದವರು. ಗಾದೆಯೇ ರಾಜ್ಯವನ್ನು ನಿರ್ಣಯಿಸುವುದಾದರೆ, ಒಂದೇ ಗಾದೆಯಿಂದ ಈ ಎರಡು ರಾಜ್ಯಗಳು ಹುಟ್ಟಿದ ಬಗೆಯನ್ನು ಆ ಪಂಡಿತರು ವಿವರಿಸಲಿ.

ಬೆಂಚಿನ ಮೇಲಿನ ಹರಟೆಯನ್ನು ಇಷ್ಟು ಗಂಭೀರವಾಗಿ ಎಣಿಸಬೇಕೆ ಎಂದು ಕೆಲವರು ಕೇಳಬಹುದು. ಎಣಿಸಲೇಬೇಕು, ಏಕೆಂದರೆ ಈ ಹರಟೆಯನ್ನೇ ಸಿಂಹಾಸನದ ಮೇಲಿರುವವರು ನೀತಿಯನ್ನಾಗಿ ಮಾಡಿಕೊಂಡಿದ್ದಾರೆ. 1994ರಲ್ಲಿ ಸಿಂಗಪುರದ ಲೀ ಕ್ವಾನ್ ಯೂ ಅವರು ಅಮೆರಿಕದ ಪತ್ರಿಕೆಯೊಂದರಲ್ಲಿ, ಪೂರ್ವದ ಸಮಾಜಗಳ ಸಂಸ್ಕೃತಿಯೇ ಬೇರೆ, ಪಶ್ಚಿಮದ ಪದ್ಧತಿಯನ್ನು ಅವುಗಳ ಮೇಲೆ ಹೇರಲಾಗದು ಎಂಬರ್ಥದಲ್ಲಿ ವಾದಿಸಿದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಅವರಿಗೆ ಉತ್ತರವಿತ್ತವರು ಕೊರಿಯದ ಕಿಮ್ ದೇ ಜುಂಗ್. ಪ್ರಜೆಗಳೇ ಮೊದಲು, ಅರಸನು ಕೊನೆಗೆ ಎಂದ ಮೆನ್ಷಿಯಸ್ ಪೂರ್ವದೇಶದವನೇ ಅಲ್ಲವೆ ಎಂಬುದು ಅವರ ಉತ್ತರದ ತಿರುಳು. ಈ ಮಹನೀಯರಿಗೆ 1980ರಲ್ಲಿ ಮರಣದಂಡನೆ ವಿಧಿಸಲ್ಪಟ್ಟಿತ್ತು. 1997ರಲ್ಲಿ ಜನರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ವಾದಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಬೇಕೆ?

ನಮ್ಮ ಮೇಲೆಯೂ ಇದೇ ಅಸ್ತ್ರವನ್ನು ಬಿಟ್ಟಿದ್ದರು. ಇವರಿಗೆ ಅರಸನೇ ದೇವರು, ಓದುಬರಹವಿಲ್ಲದ ಈ ಜನಕ್ಕೆ ಮತಾಧಿಕಾರವೇಕೆ ಎನ್ನುತ್ತಿದ್ದ ಪರದೇಶೀ ಅಧಿಕಾರಿಗಳಿಗೇನೂ ಕೊರತೆಯಿರಲಿಲ್ಲ. 1951ರ ಜನಗಣತಿಯಂತೆ ಓದುಬಲ್ಲವರು ನೂರಕ್ಕೆ ಹದಿನೆಂಟರಷ್ಟು ಮಾತ್ರ. ಆದರೂ 1951-52ರ ಚುನಾವಣೆಯಲ್ಲಿ ಹದಿನೇಳು ಕೋಟಿಗೂ ಮಿಕ್ಕಿದ ಮತದಾರರಿದ್ದರು. ಅಕ್ಷರ ಬಾರದವರು ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿ ಮತಹಾಕಿದರು. "ಯಥಾ ರಾಜಾ ತಥಾ ಪ್ರಜಾ" ಎಂದು ಕೇಳಿ ಬೆಳೆದವರು, ರಾಜನನ್ನು ತಾವೇ ನೇಮಿಸತಕ್ಕವರಾದರು.

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ಇಲ್ಲಿ ಆಕ್ಷೇಪಿಸುವವರು ಉಂಟು. ಅವರಲ್ಲಿ ಒಂದೇ ಪ್ರಶ್ನೆ. "ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ" ಎಂಬುದು ನಮ್ಮಲ್ಲಿದೆ. "ಕೂದಲು ಉದ್ದ, ಬುದ್ಧಿ ಮೋಟು" ಎಂಬುದು ರಷ್ಯದಲ್ಲಿಯೂ ಜರ್ಮನಿಯಲ್ಲಿಯೂ ಇದೆ. ಇವು ನಿಜವೆ? ಇವನ್ನು ಕಟ್ಟಿದವರು ಯಾರೆಂಬುದು ಕೇಳಿದೊಡನೆ ಗೊತ್ತಾಗುವುದಿಲ್ಲವೆ? ಪ್ರಜಾಪ್ರಭುತ್ವಕ್ಕೆ ಹೆಸರಾದ ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ರಾಷ್ಟ್ರದ ಚುನಾವಣೆಯಲ್ಲಿ ಮತ ದೊರೆತದ್ದು 1971ರಲ್ಲಿ; ನಮ್ಮಲ್ಲಿ ಆ ಹಕ್ಕು 1950ರ ಸಂವಿಧಾನದೊಡನೆಯೇ ಎಲ್ಲ ವಯಸ್ಕರಿಗೂ ಬಂದಿತು. ಗಾದೆಯನ್ನು ಜನಾಂಗದ ಒಮ್ಮತದ ತೀರ್ಪೆಂದು ತಿಳಿಯುವುದೇ ಮೂಲದ ತಪ್ಪು. ಗಾದೆಯೆಂಬುದು ಮನೆಯೊಳಗಿನ ವ್ಯಾಜ್ಯದಲ್ಲಿ ಒಂದು ಕಡೆಯವರ ವಾದ. "ಮೂಲೆ ಚಾಚಿದ ಕಲ್ಲು" ಎಂದು ತಾಯಿ ಮಗನಿಗೆ ಹೇಳಿದರೆ ಅದು ಅಕ್ಕರೆ. ಪೊಲೀಸು ಅಧಿಕಾರಿ ಹೇಳಿದರೆ ಅದೇ ಬೆದರಿಕೆ. ಹೇಳಿದವರಾರು, ಕೇಳಿದವರಾರು, ಏಟು ಬಿದ್ದದ್ದು ಯಾರಿಗೆ ಎಂಬುದನ್ನು ಬಿಟ್ಟರೆ ಗಾದೆಯ ಅರ್ಥವನ್ನೇ ಬಿಟ್ಟಂತೆ.

ಕನ್ನಡವನ್ನು ಕಲಿತ ಪರದೇಶೀಯರಲ್ಲಿ ಅಗ್ರಗಣ್ಯರಾದ ಕಿಟ್ಟೆಲರು 1894ರ ತಮ್ಮ ನಿಘಂಟಿನಲ್ಲಿ ನಮ್ಮ ಗಾದೆಗಳನ್ನು ಹೇರಳವಾಗಿ ಉದಾಹರಿಸಿದರು. ಒಂದೊಂದು ಗಾದೆಯನ್ನೂ ಒಂದೊಂದು ಪದದ ಕೆಳಗೆ, ಆ ಪದ ಜನರ ಬಾಯಲ್ಲಿ ನಡೆಯುವ ಬಗೆಯನ್ನು ತೋರಿಸಲು ಇಟ್ಟರು. ಭಾಷೆ ಕಲಿಯುವವರಿಗೆ ಇದೇ ಮೇಲ್ಪಂಕ್ತಿ. ದೇಶ ಸುತ್ತಿರಿ, ಕೋಶ ಓದಿರಿ, ಬೆಂಚು ಹಂಚಿಕೊಂಡವರ ಗಾದೆಗಳನ್ನು ಕೇಳಿ ನಿಮ್ಮವನ್ನು ಹೇಳಿರಿ. ಆದರೆ ಒಂದು ಗಾದೆಯನ್ನು ಕೇಳಿದೊಡನೆ, ಅದಕ್ಕೆ ಎದುರುತ್ತರವಾಗಿ ನಿಮ್ಮಲ್ಲಿ ಏನು ಹೇಳುವರೆಂದು ಅವರನ್ನೇ ಕೇಳಿರಿ. ಎದುರುತ್ತರವಿಲ್ಲದ ಮನೆಯಿಲ್ಲ, ನಾಡೂ ಇಲ್ಲ. ಆ ಎದುರುತ್ತರವನ್ನು ಗಟ್ಟಿಯಾಗಿ ಆಡಲು ಎಡೆಗೊಡುವ ರಾಜ್ಯಪದ್ಧತಿಗೇ ಪ್ರಜಾಪ್ರಭುತ್ವವೆಂದು ಹೆಸರು. ಅದಕ್ಕೆ ಯಾವ ಜನಾಂಗವೂ ಅನರ್ಹವಲ್ಲ.